ಕರಿಂಡಾದ ಕಥೆಗೆ ಹೂಂಗುಟ್ಟಿದವನು

ಹೂಂ ಎಂದವನು ತಾನೇ ಎಂಬುದರಲ್ಲಿ ಸಿದ್ದಲಿಂಗಪ್ಪನಿಗೆ ಅನುಮಾನವಿರಲಿಲ್ಲ. ಯಾವ ಮಾತಿಗೆ ಹೂಂ ಎಂದೆ ಎಂಬುದು ಮಾತ್ರ ಇಪ್ಪತ್ತು ದಿನ ಕಳೆದರೂ ನೆನಪಿಗೆ ಬರಲೊಲ್ಲದು. ಹೋಮ್ಸ್‌ಗ್ಲೆನ್ನಿನಲ್ಲಿ ಆರೂ ಹತ್ತರ ರೈಲು ಹತ್ತಿ ಕಿಟಕಿಗೆ ಹಣೆ ಆನಿಸಿ ಕೂತವನು, ಎತ್ತಿಟ್ಟ ಎಲಡಿಕೆ ಚೀಲವನ್ನು ಮನೆಯೆಲ್ಲ ಹುಡುಕುವ ಮುದುಕಿಯ ಹಾಗೆ, ಆ ಮಂಗಳವಾರದ ಬೆಳಗನ್ನು ಮತ್ತೊಮ್ಮೆ ಮೂಲೆಮೂಲೆ ತಡಕಿದ. ಸ್ನಾನದ ಕುರ್ಚಿ ಇತ್ತು. ನೀರಿಗೆ ಬರವೆಂದು ಷವರಿನ ಕೆಳಗೆ ಇಟ್ಟ ಕೆಂಪು ಬಕೆಟ್ಟಿತ್ತು. ಹೆಗಲಿಗೆ ಟವೆಲು ಹೊದ್ದು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕನ್ನಡಿಯೆದುರು ಕೂತ ಎಂಬತ್ತಾರು ವರ್ಷದ ವಿಲ್ಫ್ ಟಲಕ್, ಹಿರಿಯರ ಆಶ್ರಮದಲ್ಲಿ ಅವನು ದಿನವೂ ಸ್ನಾನ ಮಾಡಿಸುವ ಮುದುಕ, ಇದ್ದ. ವಿಲ್ಫ್‌ನ ಬಾಯಿ ಆಡುತ್ತಲೂ ಇತ್ತು. ಧ್ವನಿಯೊಂದೇ ಇರಲಿಲ್ಲ. ಸಿದ್ದಲಿಂಗಪ್ಪ ಎಷ್ಟು ಸಲ ಆ ಚಿತ್ರವನ್ನು ಕಣ್ಣೆದುರು ಓಡಿಸಿದರೂ ನೊರೆಯ ನಡುವೆ ಎರಡು ತುಟಿಗಳು ಮೀನಿನ ಹಾಗೆ ತೆರೆದು ಮುಚ್ಚುತ್ತಿದ್ದವೇ ಹೊರತು ಒಂದಕ್ಷರ ಹೊರಗೆ ಬೀಳಲಿಲ್ಲ. ಕೊನೆಗೆ ತುಟಿ ನಿಂತವು. ನೀಲಿ ಕಣ್ಣೆರಡು ಕನ್ನಡಿಯೊಳಗಿಂದ ಅವನನ್ನು ನೋಡಿದವು. ಅವನು ಹೂಂ ಎಂದ. ಅಲ್ಲಿಂದ ಮುಂದೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ. ವಿಲ್ಫ್ ನಿಧಾನವಾಗಿ ತಲೆಯಾಡಿಸಿ, “ಥ್ಯಾಂಕ್ ಯೂ, ಸಿಡ್. ಅರವತ್ತಾರು ವರ್ಷದಲ್ಲಿ ನೇರವಾಗಿ ಹೇಳಿದವನು ನೀನೊಬ್ಬನೇ,” ಎಂದ. ಸಿದ್ದಲಿಂಗಪ್ಪ ಅದಕ್ಕೂ ಒಂದು ಹೂಂ ಸೇರಿಸಿ ರೇಜರ್ ತೊಳೆದಿದ್ದ.

ಅಂದಿನಿಂದ ಮುದುಕ ಕಥೆ ಹೇಳುವುದನ್ನು ನಿಲ್ಲಿಸಿಬಿಟ್ಟ. ಷೇವ್ ಬೇಡವೆಂದ. ತಟ್ಟೆಯಲ್ಲಿ ಅರ್ಧ ಬಿಟ್ಟ. ಮೂರು ವಾರಕ್ಕೆ ಬಿಳಿ ಗಡ್ಡ ಬೆಳೆದು ಯಾವುದೋ ಮಠದ ಸ್ವಾಮಿಗಳ ಹಾಗೆ ಕಿಟಕಿಯತ್ತ ಮುಖ ಮಾಡಿ ಕೂರುತ್ತಿದ್ದ. ಏನಿತ್ತು ಆ ಪ್ರಶ್ನೆಯಲ್ಲಿ? ‘ನಾನು ಬದುಕಿದ್ದು ಸಾಕಲ್ಲವೇ’ ಎಂದು ಕೇಳಿದ್ದನೇ? ‘ನನ್ನ ಮಗಳು ಇನ್ನು ಬರುವುದಿಲ್ಲ ಅಲ್ಲವೇ’ ಎಂದನೇ? ಯಾವುದನ್ನು ಊಹಿಸಿಕೊಂಡು ಅದರ ಮುಂದೆ ತನ್ನ ಹೂಂ ಇಟ್ಟು ನೋಡಿದರೂ ಸಿದ್ದಲಿಂಗಪ್ಪ ತಟ್ಟನೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಹುಡುಕುತ್ತಿದ್ದ. ಅದರ ಮೇಲೆ ನಗುವೂ ಬರುತ್ತಿತ್ತು. ಯಾಕೆಂದರೆ ವೀಸಾಕ್ಕೆ ಬರೆದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಅವನಿಗೆ ಮಾತಿಗೆ ಆರು, ಬರಹಕ್ಕೆ ಆರು, ಕೇಳುವುದಕ್ಕೆ ಎಂಟೂವರೆ ಬಂದಿತ್ತು. ಆ ಎಂಟೂವರೆಯನ್ನು ಅವನು ಊರಿಗೆ ಫೋನ್ ಮಾಡಿ ಹೇಳಿದ್ದ, ರೂಮಿನವರಿಗೆ ಮಿರ್ಚಿ ಭಜಿ ಕರಿದು ತಿನ್ನಿಸಿ ಹೇಳಿದ್ದ. ಕೇಳಿಸಿಕೊಳ್ಳಲು ಬಲ್ಲವನೆಂದು ಸರಕಾರವೇ ಮೊಹರು ಹಾಕಿಕೊಟ್ಟ ಗಂಡು ಅವನು.

ಆದರೆ ಹೂಂಗುಟ್ಟುವ ವಿದ್ಯೆ ಅವನಿಗೆ ಬಂದದ್ದು ಆ ಪರೀಕ್ಷೆಗಿಂತ ಎಷ್ಟೋ ಮೊದಲು, ಹಾವೇರಿಯ ಹತ್ತಿರದ ಹಳ್ಳಿಯಲ್ಲಿ, ಅಜ್ಜಿ ಗೌರಕ್ಕನ ಕೌದಿಯೊಳಗೆ. ಗೌರಕ್ಕ ಕಥೆ ಹೇಳುವುದಕ್ಕೆ ಮುಂಚೆ ಒಬ್ಬನನ್ನು ಹೂಂ ಅನ್ನುವವನೆಂದು ನೇಮಿಸುತ್ತಿದ್ದಳು. “ಹೂಂ ಅನ್ನಾಂವ ಇಲ್ಲಂದ್ರ ಕಥಿ ಎದ್ದು ಮಂದಿ ಮನಿಗೆ ಹೊಕ್ಕೈತಿ ನೋಡಪಾ,” ಎನ್ನುತ್ತಿದ್ದಳು. ಏಳು ಮೊಮ್ಮಕ್ಕಳಲ್ಲಿ ಈ ನೌಕರಿ ಯಾವಾಗಲೂ ಸಿದ್ದನಿಗೇ. ವಾಕ್ಯದ ತುದಿಗೆ ಸರಿಯಾಗಿ, ಮುಂದಿನದಕ್ಕೆ ಅಡ್ಡಬರದಂತೆ, ದನಕ್ಕೆ ಹುಲ್ಲು ಹಾಕಿದಷ್ಟು ಸಲೀಸಾಗಿ ಹೂಂ ಹಾಕುತ್ತಿದ್ದ. ಸ್ವಲ್ಪ ದಿನಕ್ಕೆ ಅದು ನಿದ್ದೆಯಲ್ಲೂ ಕೈಗೂಡಿತು. ಗೌರಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ರಾಜಕುಮಾರ ಕಾಡು ದಾಟುತ್ತಿರುವಾಗಲೇ ಧ್ವನಿ ಬದಲಿಸದೆ, “ಮುಂದ ರಾಜಾ ಎಮ್ಮಿನ ಲಗ್ನ ಆದ,” ಎನ್ನುವಳು. ಹೂಂ. “ಎಮ್ಮಿ ಹೊಟ್ಟಿಲೆ ಮಂತ್ರಿ ಹುಟ್ಟಿದ.” ಹೂಂ. ಆಗ ಅವನ ಕಿವಿ ಹಿಂಡಿ, “ನೋಡ್ರೆವಾ, ಹುಟ್ಟಿದ ಮಂತ್ರಿ ಇಲ್ಲೇ ಮಕ್ಕೊಂಡಾನ,” ಎಂದರೆ ಕೌದಿಯೆಲ್ಲ ನಗೆಯಿಂದ ಅಲುಗುತ್ತಿತ್ತು. ರೈಲು ಸೈಂಡಲ್ ಸ್ಟೇಷನ್ ದಾಟಿತು. ಎಮ್ಮೆಯನ್ನು ಮದುವೆಯಾದ ರಾಜನಿಗೆ ತನ್ನ ಹೂಂನಿಂದ ಏನೂ ಕೇಡಾಗಲಿಲ್ಲ ಎಂದು ಸಿದ್ದಲಿಂಗಪ್ಪ ಯೋಚಿಸಿದ. ವಿಲ್ಫ್ ಟಲಕ್ ಹೇಳುತ್ತಿದ್ದದ್ದು ಸತ್ತವರ ಕಥೆ.

ಎಂಟು ತಿಂಗಳು ದಿನವೂ ಬೆಳಗ್ಗೆ ಅದೇ ಕಥೆ. ಕರಿಂಡಾ ಎಂಬ ಹಡಗು. ಮೊದಲು ಮೀನು ಹಿಡಿಯುತ್ತಿತ್ತು, ಯುದ್ಧ ಬಂದ ಮೇಲೆ ನೌಕಾಪಡೆಯವರು ಎಳೆದುಕೊಂಡು ಹೋಗಿ ಬೂದು ಬಣ್ಣ ಬಳಿದು ಮೈನ್‌ಸ್ವೀಪರ್ ಮಾಡಿದರು. ಶತ್ರುಗಳು ಸಮುದ್ರದ ತಳಕ್ಕೆ ಸರಪಳಿ ಕಟ್ಟಿ ನೀರಿನೊಳಗೆ ತೇಲಿಬಿಟ್ಟುಹೋದ ಮೈನು, ಅಂದರೆ ಹಂಡೆಯಷ್ಟು ದೊಡ್ಡ ಸಿಡಿಗುಂಡನ್ನು, ಹುಡುಕಿ ಕಿತ್ತುಹಾಕುವುದು ಅದರ ಕೆಲಸ. ಈ ಭಾಗ ಸಿದ್ದಲಿಂಗಪ್ಪನಿಗೆ ಮೊದಲ ದಿನವೇ ಅರ್ಥವಾಗಿ, ಅರ್ಥವಾದ ಸಂತೋಷಕ್ಕೆ ಅವನು ಅಲ್ಲೇ ನಿಂತುಬಿಟ್ಟಿದ್ದ. ಎರಡು ಹಡಗು ಜೋಡೆತ್ತಿನ ಹಾಗೆ ಸಮಸಮ ನಡೆಯುತ್ತ ಹಿಂದೆ ಉಕ್ಕಿನ ಹಗ್ಗ ಎಳೆಯುವುದು, ಆ ಹಗ್ಗದ ಕತ್ತರಿ ನೀರೊಳಗಿನ ಸರಪಳಿಯನ್ನು ಕತ್ತರಿಸುವುದು, ಮೈನು ಮೇಲೆ ಬರುವುದು. ಇದು ಕುಂಟೆ ಹೊಡೆಯುವುದಲ್ಲದೆ ಮತ್ತೇನು? ಮಣ್ಣೊಳಗೆ ಕಸದ ಬೇರು ಕತ್ತರಿಸಿದರೆ ಕಸ ಮೇಲೆ ಬಿದ್ದ ಹಾಗೆ. ಸಮುದ್ರಕ್ಕೆ ಕುಂಟೆ ಹೊಡೆಯುತ್ತಿದ್ದರು ಎಂಬ ಹೋಲಿಕೆ ಎಷ್ಟು ಚೆಂದ ಕಂಡಿತೆಂದರೆ, ಅದನ್ನೇ ಚಪ್ಪರಿಸುತ್ತ ಅವನು ಉಳಿದ ಎಂಟು ತಿಂಗಳು ಕಳೆದಿದ್ದ. ಮುದುಕನ ಹಡಗು ಮುಂದೆ ಹೋಯಿತು, ಅವನು ಹೊಲದಲ್ಲೇ ಉಳಿದ. ಆ ಮಂಗಳವಾರವಂತೂ ಹೊಲದಲ್ಲೂ ಇರಲಿಲ್ಲ. ಹಿಂದಿನ ಸಂಜೆ ವೀಸಾ ಏಜೆಂಟ್ ಈಮೇಲ್ ಕಳಿಸಿ, ಪಿಆರ್‌ಗೆ, ಅಂದರೆ ಈ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ಐದು ಪಾಯಿಂಟ್ ಕಡಿಮೆ ಬೀಳುತ್ತದೆ ಎಂದಿದ್ದ. ಆ ಐದನ್ನು ಎಲ್ಲಿಂದ ತರಲಿ ಎಂದು ಅವನು ವಿಲ್ಫ್‌ನ ಎಡಗೆನ್ನೆಯಿಂದ ಬಲಗೆನ್ನೆಗೆ ಬಂದಿದ್ದ.

ಗ್ಲೆನ್ ವೇವರ್ಲಿಯಲ್ಲಿ ಹಳಿ ಮುಗಿಯುತ್ತದೆ. ನಿದ್ದೆ ಹೋದವರೂ ಸರಿಯಾದ ಕಡೆಯೇ ಇಳಿಯುವ ಊರು. ಹಿರಿಯರ ಆಶ್ರಮದ ಡ್ಯೂಟಿ ರೂಮಿನಲ್ಲಿ ಉಸ್ತುವಾರಿಯ ಡೆಬ್, ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು, ಚಾರ್ಟು ನೋಡುತ್ತ ಕೂತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಕೊರಳಿನ ದಾರ ನೋಡಿ ಏನದು ಎಂದು ಕೇಳಿದ್ದಳು. ಇಷ್ಟಲಿಂಗವನ್ನು ಒಂದು ವಾಕ್ಯದಲ್ಲಿ ಇಂಗ್ಲಿಷಿಗೆ ತರಲಾಗದೆ ಅವನು “ದೇವರು” ಎಂದಿದ್ದ. “ಹಾಗಾದರೆ ಅವರನ್ನ ಒಳಗೆ ಹಾಕ್ಕೋ, ಡಾರ್ಲ್. ಹಾಯಿಸ್ಟ್‌ಗೆ ಸಿಕ್ಕಿಕೊಂಡಾರು,” ಎಂದು ಅವಳು ಮುದುಕರನ್ನೆತ್ತುವ ಯಂತ್ರ ತೋರಿಸಿದ್ದಳು. ಅಂದಿನಿಂದ ದೇವರು ಬನಿಯನ್ನಿನೊಳಗೆ. ಇವತ್ತು ಅವಳು ತಲೆಯೆತ್ತದೆ, “ನಿನ್ನ ದೋಸ್ತ್ ನಿನ್ನೆ ರಾತ್ರಿಯೂ ಸೂಪ್ ಮುಟ್ಟಲಿಲ್ಲ. ಹೀಗೇ ಆದರೆ ಶುಕ್ರವಾರ ಡಾಕ್ಟರ್‌ಗೆ ಹೇಳಬೇಕು. ಏನಾದರೂ ಬೇಜಾರು ಮಾಡಿದಿಯಾ ಅವನಿಗೆ?” ಎಂದಳು.

“ಇಲ್ಲ. ನಾನು ಬರೀ ಕೇಳ್ತಿದ್ದೆ ಅಷ್ಟೇ,” ಎಂದ ಸಿದ್ದಲಿಂಗಪ್ಪ.

“ಅದು ನಿಜ. ನಿನ್ನಂಥ ಲಿಸನರ್ ಈ ಫ್ಲೋರಿನಲ್ಲೇ ಇಲ್ಲ,” ಎಂದಳು ಡೆಬ್. ಅವಳು ಗೇಲಿ ಮಾಡುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕೈಗವಸು ತೊಡುತ್ತ ಕಾರಿಡಾರಿನಲ್ಲಿ ನಡೆಯುವಾಗ ಎದೆಯ ಮೇಲೆ ಲಿಂಗ ತಣ್ಣಗೆ ತಾಗಿತು. ಇವತ್ತೂ ಐದು ಗಂಟೆಗೆದ್ದು, ರೂಮಿನವರಿಗೆ ಎಚ್ಚರವಾಗದಂತೆ ಲಾಂಡ್ರಿ ಮೂಲೆಯಲ್ಲಿ ಚಾಪೆ ಹಾಕಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ್ದ. ವಿಭೂತಿ ಧರಿಸಿದ್ದ, ಮಂತ್ರ ನೂರೆಂಟು ಸಲ ಮುಗಿಸಿದ್ದ. ನೂರೆಂಟರಲ್ಲಿ ಎಷ್ಟು ದೇವರಿಗೆ, ಎಷ್ಟು ಏಜೆಂಟಿಗೆ? ತುಟಿಗಳಷ್ಟೇ ಆಡಿದವು, ವಿಲ್ಫ್‌ನ ತುಟಿಯ ಹಾಗೆ. ಹುಟ್ಟಿದ ಹನ್ನೊಂದನೆಯ ದಿನ ಕೊರಳಿಗೆ ಬಂದ ದೇವರು ಮೂವತ್ತೊಂದು ವರ್ಷದಿಂದ ಅವನಿಗೆ ಏನೇನು ಹೇಳಿದನೋ, ಅವನು ಹೂಂ, ಹೂಂ ಎಂದು ವಿಭೂತಿ ಕೊಡವಿ ಏಳುತ್ತಿದ್ದ. ಒಂದು ಯೋಚನೆ ಬಂದು ಅವನಿಗೆ ಭಯವಾಯಿತು. ಅತ್ತ ಕಡೆಯಿಂದಲೂ ಹೀಗೇ ಇದ್ದರೆ? ತನ್ನ ಮೊರೆಗಳಿಗೆ ಆ ದೇವರೂ ಬರೀ ಹೂಂಗುಡುತ್ತಿದ್ದರೆ? ತಕ್ಷಣ ನಾಲಿಗೆ ಕಚ್ಚಿಕೊಂಡ. ತನ್ನ ಚಾಳಿಯನ್ನು ಶಿವನಿಗೂ ಅಂಟಿಸಲು ಹೊರಟ ಭಕ್ತ ತಾನೊಬ್ಬನೇ ಇರಬೇಕು.

ಅವನು ವಿಲ್ಫ್‌ನ ಬಾಗಿಲಿನ ಮುಂದೆ ನಿಂತ. ತಟ್ಟಲಿಲ್ಲ. ಮೊನ್ನೆ ಶನಿವಾರ ಸಿಡ್ನಿಯಲ್ಲಿ ಆದ ಫಜೀತಿ ಇನ್ನೂ ಬಿಸಿಯಾಗಿತ್ತು. ಹೋಮ್ಸ್‌ಗ್ಲೆನ್ನಿನಲ್ಲಿ ಎರಡು ವರ್ಷ ಅವನ ರೂಮಿನಲ್ಲಿದ್ದ ತುಮಕೂರಿನ ಯತೀಶ್, ಪಿಆರ್ ಸಿಕ್ಕಿ, ಕೆಲಸ ಸಿಕ್ಕಿ, ಕೃಪಾ ಎಂಬ ಚುರುಕು ನಾಲಿಗೆಯ ಹೆಂಡತಿಯೂ ಸಿಕ್ಕಿ ಅಲ್ಲಿನ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಕೊಂಡಿದ್ದ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವ ಹೊತ್ತಿಗೆ ಹೋಮದ ಹೊಗೆಗೆ ಸ್ಮೋಕ್ ಅಲಾರ್ಮ್ ಕೂಗಿಕೊಂಡು, ಬಂದವರೆಲ್ಲ ಮಂಗಳಾರತಿ ಬಿಟ್ಟು ಟವೆಲು ಬೀಸಿದರು. ಊಟಕ್ಕೆ ಕೂತಾಗ ಎಲ್ಲರೂ ಮಾರ್ಟ್‌ಗೇಜ್, ಸಬರ್ಬ್, ಸ್ಕೂಲು ಎಂದು ಮಾತಾಡುತ್ತಿದ್ದರು. ಪಿಆರ್ ಇಲ್ಲದವನು ಸಿದ್ದಲಿಂಗಪ್ಪನೊಬ್ಬನೇ. ಅಲ್ಲಿ ಅವನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಆ ಹಡಗಿನ ಹೊರತು. ಅದನ್ನೇ ಎತ್ತಿಕೊಂಡ. ಸಮುದ್ರಕ್ಕೆ ಕುಂಟೆ ಹೊಡೆದದ್ದನ್ನು ಹೋಳಿಗೆಯ ಮೇಲೆ ತುಪ್ಪ ಸುರಿದಂತೆ ವರ್ಣಿಸಿದ. ಪಂಕ್ತಿ ನಿಶ್ಶಬ್ದವಾಯಿತು. ಗೌರಕ್ಕನ ಮೊಮ್ಮಗ ಎನಿಸಿಕೊಂಡೆ ಎಂದು ಹಿಗ್ಗಿದ.

“ಆಮೇಲೆ ಸಿದ್ದಣ್ಣ? ಹಡಗು ಏನಾಯ್ತು?” ಎಂದು ಕೃಪಾ ಸೌಟು ಹಿಡಿದೇ ಕೇಳಿದಳು.

ಆಮೇಲೆ. ಎಂಟು ತಿಂಗಳು, ವಾರಕ್ಕೆ ಐದು ದಿನ ಕೇಳಿದವನಿಗೆ ಆಮೇಲೆ ಏನಾಯಿತೆಂದು ಗೊತ್ತಿರಲಿಲ್ಲ. ಮುಳುಗಿತು ಎಂದು ಗೊತ್ತಿತ್ತು. ಇಪ್ಪತ್ತು ಜನ ಸೌಟಿನತ್ತ ನೋಡಿದಂತೆ ಅವನತ್ತ ನೋಡುತ್ತಿದ್ದರು. “ಜಪಾನಿನ ವಿಮಾನ ಬಂತ್ರೀ,” ಎಂದುಬಿಟ್ಟ. ಒಂದು ವಿಮಾನ ಎರಡಾಯಿತು, ಎರಡು ಆರಾಯಿತು, ಕ್ಯಾಪ್ಟನ್ನು ಬಾವುಟ ಹಿಡಿದು ನಿಂತಲ್ಲೇ ಮುಳುಗಿದ. ಯಾರೋ ಒಬ್ಬ ಅಂಕಲ್ ಕಣ್ಣೊರೆಸಿಕೊಂಡರು.

ಯತೀಶ್‌ಗೆ ಇಂಟರ್ನೆಟ್ಟಿನಲ್ಲಿ ಎಲ್ಲವನ್ನೂ ಹುಡುಕುವ ಚಟ. ಮಾರನೆಯ ದಿನ ಬಂದರಿನ ಹತ್ತಿರದ ಒಂದು ಸಣ್ಣ ಪಾರ್ಕಿಗೆ ಗಂಡ ಹೆಂಡತಿ ಇಬ್ಬರೂ ಅವನನ್ನು ಕರೆದುಕೊಂಡು ಹೋದರು. “ಮಗಾ, ನಿನ್ನ ಹಡಗಿಂದು ಕಲ್ಲು ಇಲ್ಲೇ ಇದೆ ಕಣೋ. ಫೋಟೋ ತಗೊಂಡು ಹೋಗಿ ಆ ಅಜ್ಜನಿಗೆ ತೋರಿಸು, ಖುಷಿ ಪಡ್ತಾರೆ,” ಎಂದ ಯತೀಶ್. ಹಕ್ಕಿ ಹಿಕ್ಕೆಯ ಕೆಳಗೆ ಕಂಚಿನ ಫಲಕ. ಕರಿಂಡಾ, ನವೆಂಬರ್ ೧೯೪೦, ಬಾಸ್ ಜಲಸಂಧಿಯಲ್ಲಿ ಕಣ್ಣಿಗೆ ಬೀಳದ ಶತ್ರು ಮೈನಿಗೆ ಬಡಿದು ಮುಳುಗಿತು. ಕೆಳಗೆ ಇಪ್ಪತ್ತೊಂದು ಹೆಸರು.

ಕೃಪಾ ಎರಡು ಸಲ ಓದಿದಳು. “ಸಿದ್ದಣ್ಣ, ವಿಮಾನ ಅಂದ್ರಿ?”

“ಲೇಯ್ ಬಿಡೇ,” ಎಂದ ಯತೀಶ್.

“ಇಲ್ಲ, ಕ್ಯಾಪ್ಟನ್ ಬಾವುಟ ಹಿಡ್ಕೊಂಡಿದ್ರು ಅಂದಾಗ ನಮ್ಮ ಅಂಕಲ್ ಅತ್ತೇಬಿಟ್ರಲ್ಲ, ಅದಕ್ಕೆ ಕೇಳ್ದೆ.”

ಸಿದ್ದಲಿಂಗಪ್ಪ ಹೆಸರುಗಳನ್ನು ಓದುತ್ತಿದ್ದ. ಇವುಗಳಲ್ಲಿ ಒಂದಾದರೂ ಪರಿಚಿತ ಇರಬೇಡವೇ? ವಿಲ್ಫ್ ದಿನವೂ ಹೆಸರು ಹಿಡಿದು ಹೇಳುತ್ತಿದ್ದ. ಅಡುಗೆಯವನೊಬ್ಬನಿದ್ದ, ಹಾಡುತ್ತಿದ್ದ. ಎಂಜಿನ್ನಿನವನಿಗೆ ಹೊಸದಾಗಿ ಮದುವೆಯಾಗಿತ್ತು. ಕಂಚಿನ ಮೇಲೆ ಇಪ್ಪತ್ತೊಂದು ಹೆಸರು, ಒಂದಕ್ಕೂ ಮುಖವಿಲ್ಲ. ಮದುವೆಮನೆಯಲ್ಲಿ ಉಂಡು, ಬೀಗರ ಹೆಸರೇ ಕೇಳದೆ ಎದ್ದುಬಂದವನ ಹಾಗೆ ಅವನು ನಿಂತ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ಫಲಕದ ಮೇಲಾದರೂ ಆ ಪ್ರಶ್ನೆಯ ಸುಳಿವು ಸಿಗಬಹುದೆಂದು ಒಳಗೊಳಗೆ ಆಸೆಪಟ್ಟುಕೊಂಡು ಬಂದಿದ್ದ. ಅಲ್ಲಿ ಸಿಕ್ಕರೆ ಮುದುಕನನ್ನು ಕೇಳುವ ಕಷ್ಟ ತಪ್ಪುತ್ತಿತ್ತು.

ಈಗ ವಿಲ್ಫ್‌ನ ಬಾಗಿಲು ತಟ್ಟಿ ಒಳಗೆ ಹೋದ. ವಿಲ್ಫ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಹೊರಗೆ ಒಣಗಿದ ಹುಲ್ಲುಹಾಸು, ಅದರಾಚೆ ಸ್ಟೇಷನ್ನಿನ ಕಾರ್ ಪಾರ್ಕು.

“ಷೇವ್ ಬೇಡ, ಸಿಡ್.”

“ಷೇವ್‌ಗೆ ಅಲ್ಲ, ಮಿಸ್ಟರ್ ಟಲಕ್.” ಹಿರಿಯರನ್ನು ಬರೀ ವಿಲ್ಫ್ ಎಂದು ಕರೆಯಲು ಅವನ ನಾಲಿಗೆ ಇನ್ನೂ ಏಳುತ್ತಿರಲಿಲ್ಲ. ಹೋಮ್ಸ್‌ಗ್ಲೆನ್‌ನಿಂದ ಉರುಹಾಕಿಕೊಂಡು ಬಂದ ಇಂಗ್ಲಿಷ್ ಮಾತೆಲ್ಲ ಆ ಗಡ್ಡದ ಮುಂದೆ ಉದುರಿಹೋಯಿತು. “ಆ ಮಂಗಳವಾರ ನೀವು ಏನೋ ಕೇಳಿದಿರಿ. ನಾನು ಹೂಂ ಅಂದೆ.”

“ಅಂದೆ.”

“ನೀವು ಕೇಳಿದ್ದು ನನಗೆ ಕೇಳಿಸಿರಲಿಲ್ಲ.”

ವಿಲ್ಫ್ ಕುತ್ತಿಗೆ ಹೊರಳಿಸಿದ. “ಕಿವಿಗೆ ಮಷಿನ್ ಹಾಕೋದು ನಾನು, ಮೇಟ್.”

“ಕಿವಿ ಸರಿಯಿದೆ. ಮನಸ್ಸು ಇರಲಿಲ್ಲ.”

“ಆವತ್ತೊಂದು ದಿನವಾ?”

ಇಲ್ಲೊಂದು ಬಾಗಿಲು ತೆರೆದಿತ್ತು. ಹೌದು, ಆವತ್ತೊಂದೇ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದಿತ್ತು, ಕ್ಷಮಿಸಿ ಎಂದರೆ ಇಬ್ಬರೂ ಮರ್ಯಾದೆಯಿಂದ ಹೊರಬೀಳಬಹುದಿತ್ತು. ಕೆಟ್ಟ ಸುದ್ದಿಯೂ ನಾಲಿಗೆಯ ತುದಿಗೆ ಬಂದು ತಯಾರಾಗಿ ನಿಂತಿತ್ತು, ಒಬ್ಬ ಮಾವನಿಗೆ ಹೃದಯಾಘಾತ ಆಗುವುದಿತ್ತು. ಕ್ವೇಕರ್ಸ್ ಹಿಲ್‌ನ ಅಂಕಲ್ ಕಣ್ಣೊರೆಸಿಕೊಂಡದ್ದು ನೆನಪಾಯಿತು.

“ಎಂಟು ತಿಂಗಳು,” ಎಂದ ಸಿದ್ದಲಿಂಗಪ್ಪ. “ಮೊದಲ ದಿನ ಸ್ವಲ್ಪ ಕೇಳಿದ್ದೆ.”

ವಿಲ್ಫ್‌ನ ಎದೆಯೊಳಗೆ ಏನೋ ಗೊರಗುಟ್ಟಿತು. ಉಸಿರು ಸಿಕ್ಕಿಕೊಂಡಿತೇನೋ ಎಂದು ಸಿದ್ದಲಿಂಗಪ್ಪ ಕರೆಗಂಟೆಗೆ ಕೈಹಾಕಿದ. ಮುದುಕ ನಗುತ್ತಿದ್ದ. ಗಡ್ಡ ಅಲುಗಿತು, ಕಣ್ಣಲ್ಲಿ ನೀರು ಬಂತು, ಟಿಷ್ಯೂ ಕೊಟ್ಟರೆ ತಳ್ಳಿಹಾಕಿದ. “ಎಂಟು ತಿಂಗಳು. ಆ ಕೆಂಪು ಬಕೆಟ್ಟಿಗೆ ಹೇಳಿದ್ದರೂ ಆಗ್ತಿತ್ತು,” ಎಂದ. ಆಮೇಲೆ ನಗು ತಾನಾಗಿ ಬತ್ತಿತು. ಬತ್ತಿದ ಮೇಲೆ ಉಳಿದ ಮುಖವನ್ನು ಸಿದ್ದಲಿಂಗಪ್ಪ ಅದುವರೆಗೆ ನೋಡಿರಲಿಲ್ಲ. ಮೂರು ವಾರದಿಂದ ಆ ಮುಖದಲ್ಲಿದ್ದದ್ದು ಸಂಕಟವೆಂದು ತಿಳಿದಿದ್ದ. ಅದು ಬೇರೆ ಏನೋ ಆಗಿತ್ತು, ಹೊರೆ ಇಳಿಸಿದವನು ಕಟ್ಟೆಯ ಮೇಲೆ ಕೂತ ಹಾಗೆ. ಈಗ ತಾನು ಬಂದು ಆ ಹೊರೆಯನ್ನು ಎತ್ತಿ ಮತ್ತೆ ಅವನ ತಲೆಯ ಮೇಲಿಟ್ಟೆ ಎಂದು ಹೊಳೆಯಿತು. ಸತ್ಯ ಹೇಳಿ ಹಗುರಾಗುವ ಆತುರಕ್ಕೆ ಎಂಥ ಕೆಲಸ ಮಾಡಿದೆ. ಹಗುರವೂ ಆಗಲಿಲ್ಲ.

“ಬಾಗಿಲು ಹಾಕು,” ಎಂದ ವಿಲ್ಫ್. “ಹಾಸಿಗೆ ಮೇಲೆ ಕೂತ್ಕೋ. ಇಲ್ಲಿ, ನನಗೆ ಕಾಣೋ ಹಾಗೆ. ಮತ್ತೆ ನೀನು ಮಾಡ್ತೀಯಲ್ಲ ಆ ಸದ್ದು, ಅದು ಒಂದೂ ಬೇಡ.”

ಹೂಂ ಎನ್ನದೆ ಕಥೆ ಕೇಳುವುದು ಸಿದ್ದಲಿಂಗಪ್ಪನಿಗೆ ಬದುಕಿನಲ್ಲಿ ಅದೇ ಮೊದಲು. ಬಾಯಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರತಿ ವಾಕ್ಯದ ತುದಿಗೆ ಗಂಟಲಿನಲ್ಲಿ ಒಂದು ಹೂಂ ಹುಟ್ಟಿ, ಹೊರಬರಲು ದಾರಿಯಿಲ್ಲದೆ ಒಳಗೇ ಇಳಿಯುತ್ತಿತ್ತು. ಹಾಗೆ ಇಳಿದದ್ದು ಕೆಳಗೆ ಹೋಗಿ ಎಲ್ಲೋ ಕೂಡುತ್ತಿತ್ತು. ಹಡಗಿನಲ್ಲಿ ಇಪ್ಪತ್ತನಾಲ್ಕು ಜನ. ಅಡುಗೆಯವನ ಹೆಸರು ಪರ್ಸಿ. ಎಂಜಿನ್ನಿನ ಕೆಳಗೆ ಮೂವರು, ಅವರಲ್ಲಿ ಟಾಮ್ ಎಂಬವನಿಗೆ ಮದುವೆಯಾಗಿ ಹನ್ನೊಂದು ವಾರ. ವಿಲ್ಫ್‌ಗೆ ಇಪ್ಪತ್ತು. ಬೆಳಗ್ಗೆ ಏಳು ಗಂಟೆ, ತೆಳುವಾದ ಮಂಜು, ಎದ್ದು ಬೀಳುವ ಸಮುದ್ರ. ಹಗ್ಗಕ್ಕೆ ಒಂದು ಮೈನು ಸಿಕ್ಕಿತು, ಸರಪಳಿ ಕಡಿಯಿತು, ಮೇಲೆ ಬಂತು. ಬಂದೂಕಿನಿಂದ ಹೊಡೆದು ಮುಳುಗಿಸಬೇಕು, ಆದರೆ ಹಿಡಿದ ಸಾಲು ಮುಗಿಸಿ ಬಂದು ಹೊಡೆಯೋಣ ಎಂದರು. ಅಲ್ಲಿಯವರೆಗೆ ಅದರ ಮೇಲೆ ಕಣ್ಣಿಡುವ ಕೆಲಸ ವಿಲ್ಫ್‌ನದು. ಹಡಗಿನ ಮುಂಭಾಗದಲ್ಲಿ ನಿಂತು ನಿಮಿಷಕ್ಕೊಮ್ಮೆ, ಕಾಣುತ್ತಿದೆ ಎಂದು ಕೂಗಬೇಕು. ಅಷ್ಟೇ ಕೆಲಸ.

“ಕೂಗಿದೆ. ಕಾಣ್ತಿದೆ, ಸರ್. ಕಾಣ್ತಿದೆ, ಸರ್. ಪರ್ಸಿ ಕೋಕೋ ತಂದುಕೊಟ್ಟ. ಮಗ್ಗು ತಗೊಳ್ಳೋಕೆ ತಿರುಗಿದೆ. ಮತ್ತೆ ನೋಡ್ತೀನಿ, ಇಲ್ಲ.”

ಸಿದ್ದಲಿಂಗಪ್ಪ ತುಟಿ ಒತ್ತಿ ಹಿಡಿದ.

“ಅಲೆ ಹಿಂದೆ ಇರುತ್ತೆ, ಬರುತ್ತೆ ಅಂದುಕೊಂಡೆ. ಅಷ್ಟರಲ್ಲಿ ನಿಮಿಷ ಆಯ್ತು. ಮೇಲಿಂದ ಸ್ಕಿಪ್ಪರ್, ನಮ್ಮ ಕ್ಯಾಪ್ಟನ್, ನೋಡ್ತಿದ್ದಾನೆ. ಹಿಂದಿನ ವಾರ ತಾನೇ ನಿದ್ದೆ ಮಾಡಿದೆ ಅಂತ ಎಲ್ಲರ ಎದುರು ಬೈಸಿಕೊಂಡಿದ್ದೆ. ಇಲ್ಲ ಅಂತ ಹೇಗೆ ಹೇಳೋದು? ಕಾಣ್ತಿದೆ, ಸರ್, ಅಂದೆ. ಮುಂದಿನ ನಿಮಿಷಕ್ಕೂ ಅಂದೆ. ಐದು ಸಲ ಅಂದೆ, ಸಿಡ್. ಬರೀ ನೀರು ನೋಡ್ತಾ ಐದು ಸಲ. ಐದನೇದಕ್ಕೆ ನನ್ನ ಮಾತು ನಂಬಿ ಹಡಗು ತಿರುಗಿಸಿದರು.”

ಆ ಮೈನು ಹಡಗಿನ ಹಿಂಭಾಗಕ್ಕೆ ಬಡಿಯಿತು. ಮುಂದೆ ನಿಂತ ವಿಲ್ಫ್ ನೀರಿಗೆ ಎಸೆಯಲ್ಪಟ್ಟ, ಅವನ ಜೊತೆ ಇನ್ನಿಬ್ಬರು. ಕರಿಂಡಾ ನಾಲ್ಕು ನಿಮಿಷದಲ್ಲಿ ಹೋಯಿತು. ಟಾಮ್ ಇದ್ದ ಜಾಗ ಮೊದಲು ಹೋಯಿತು. ಪರ್ಸಿ ಸ್ವಲ್ಪ ಹೊತ್ತು ತೇಲಿದ್ದ, ಏಪ್ರನ್ ಕಾಣುತ್ತಿತ್ತು. ವಿಚಾರಣೆಯ ಮೇಜಿನ ಮುಂದೆ ಅಧಿಕಾರಿಗಳು ಕೇಳಿದರು. ಕತ್ತರಿಸಿದ ಮೈನು ಕೊನೆಯವರೆಗೂ ನಿನ್ನ ಕಣ್ಣಲ್ಲಿತ್ತೇ? ಇತ್ತು, ಸರ್. ಹಾಗಾದರೆ ಬಡಿದದ್ದು ಬೇರೆ, ಯಾರ ಕಣ್ಣಿಗೂ ಬೀಳದ ಇನ್ನೊಂದು ಎಂದು ಬರೆದುಕೊಂಡರು. “ಸಿಡ್ನಿಯಲ್ಲಿ ಕಲ್ಲಿನ ಮೇಲೆ ಹಾಕಿದಾರಂತೆ, ಕಣ್ಣಿಗೆ ಬೀಳದ ಮೈನು ಅಂತ. ನಾನು ಹೋಗಿಲ್ಲ. ಆ ಮಾತು ಅವರಿಗೆ ಕೊಟ್ಟವನು ನಾನು.”

ಸಿದ್ದಲಿಂಗಪ್ಪನ ಜೇಬಿನಲ್ಲಿ ಆ ಫೋಟೋ ಇತ್ತು. ಖುಷಿಪಡಲೆಂದು ತಂದದ್ದು. ಕೈ ಜೇಬಿನ ಹತ್ತಿರ ಹೋಗಿ ಸುಟ್ಟುಕೊಂಡಂತೆ ಹಿಂದೆ ಬಂತು.

“ಹೆಂಡತಿಗೆ ಹೇಳೋಕೆ ಹೋದೆ,” ಎಂದ ವಿಲ್ಫ್. “ಪೂರ್ತಿ ಕೇಳಲಿಲ್ಲ. ಇಲ್ಲ ಇಲ್ಲ, ನಿನ್ನ ತಪ್ಪಲ್ಲ ಅಂತ ತಬ್ಬಿಕೊಂಡಳು. ಪಾದ್ರಿನೂ ಅಷ್ಟೇ. ಡಾಕ್ಟರು ಅಷ್ಟೇ. ಮಗಳಂತೂ ಹಡಗು ಅನ್ನೋಕೆ ಮುಂಚೆ, ನಾಟ್ ಯುವರ್ ಫಾಲ್ಟ್, ಡ್ಯಾಡ್. ನಾನು ಐದು ಸಲ ಅನ್ನೋ ತನಕ ಯಾರೂ ಬರಲಿಲ್ಲ. ಆವತ್ತು ನಿನಗೆ ಅಲ್ಲಿ ತನಕ ಹೇಳಿದೆ. ಹೇಳಿ, ತಪ್ಪು ನನ್ನದೇ ಅಲ್ವಾ ಅಂತ ಕೇಳಿದೆ. ನೀನು ಒಂದು ಗಳಿಗೆಯೂ ತಡೀಲಿಲ್ಲ.” ಅವನು ಗಡ್ಡ ಕೆರೆದುಕೊಂಡ. “ಎಂಥ ಗಟ್ಟಿ ಮನುಷ್ಯ ಅಂದುಕೊಂಡಿದ್ದೆ ನಿನ್ನ.”

ಕಾರಿಡಾರಿನಲ್ಲಿ ತಿಂಡಿಯ ಗಾಡಿ ಉರುಳಿಹೋಯಿತು. ಯಾರದೋ ಕರೆಗಂಟೆ ಬಡಿದುಕೊಳ್ಳುತ್ತಿತ್ತು. ಅವನು ಎಬ್ಬಿಸಿ ಸ್ನಾನ ಮಾಡಿಸಬೇಕಾದವರು ಇನ್ನೂ ನಾಲ್ವರಿದ್ದರು.

“ಈಗ ಕೇಳಿದೆಯಲ್ಲ,” ಎಂದ ವಿಲ್ಫ್. “ಹೇಳು ನೋಡೋಣ. ತಪ್ಪು ನನ್ನದೇ, ಅಲ್ವಾ?”

ಇಲ್ಲ ಎಂಬುದು ತಕ್ಷಣ ಓಡಿಬಂತು. ಕರೆಯದೆ, ಯೋಚಿಸದೆ, ಬಾಲ ಅಲ್ಲಾಡಿಸುತ್ತ. ಇಲ್ಲ ಮಿಸ್ಟರ್ ಟಲಕ್, ಯುದ್ಧ ಅದು, ಮಂಜಿತ್ತು, ನೀವಿನ್ನೂ ಹುಡುಗ. ಅದು ಓಡಿಬಂದ ಸಲೀಸು ನೋಡಿ ಸಿದ್ದಲಿಂಗಪ್ಪನಿಗೆ ಗುರುತು ಹತ್ತಿತು. ಇದೂ ಹೂಂನ ತಮ್ಮನೇ. ಹೆಂಡತಿ, ಪಾದ್ರಿ, ಡಾಕ್ಟರು, ಮಗಳು, ಅರವತ್ತಾರು ವರ್ಷ ಎಲ್ಲರೂ ಈ ಮನುಷ್ಯನಿಗೆ ಹೂಂಗುಟ್ಟಿದ್ದರು, ಶಬ್ದ ಮಾತ್ರ ಬೇರೆ. ಅವನು ಅದನ್ನು ನುಂಗಿದ. ನುಂಗಿ ಒಳಗೆ ನೋಡಿಕೊಂಡ. ಅಲ್ಲಿ ಬರೀ ನೀರು, ನೀರನ್ನು ನೋಡುತ್ತ ನಿಂತ ಇಪ್ಪತ್ತರ ಹುಡುಗ, ಮೇಲಿಂದ ನೋಡುತ್ತಿದ್ದ ಸ್ಕಿಪ್ಪರ್. ಎಷ್ಟು ಸುಲಭ, ಕಾಣುತ್ತಿದೆ ಎನ್ನುವುದು. ಎಷ್ಟು ಸಣ್ಣ ನಾಚಿಕೆ ತಪ್ಪಿಸಿಕೊಳ್ಳಲು ಅಂದದ್ದು. ತಾನಾಗಿದ್ದರೆ ಐದಲ್ಲ, ಐವತ್ತು ಸಲ ಅನ್ನುತ್ತಿದ್ದೆ, ನೀರಿಗೆ ಬಿದ್ದ ಮೇಲೂ ಅನ್ನುತ್ತಿದ್ದೆ. ಹಾಗೆಂದು ಟಾಮ್ ಮೇಲೆ ಬರುತ್ತಿರಲಿಲ್ಲ. ಎದೆಯ ಮೇಲೆ ದೇವರು ಬೆಚ್ಚಗಾಗಿದ್ದ, ಬೆವರಿನಿಂದಲೇ ಇರಬೇಕು.

ನೀಲಿ ಕಣ್ಣು ಕಾಯುತ್ತಿದ್ದವು, ಈ ಸಲ ಕನ್ನಡಿಯಿಲ್ಲದೆ.

“ಹೌದು,” ಎಂದ ಸಿದ್ದಲಿಂಗಪ್ಪ. ದನಿ ಒಡೆಯಿತು, ಮತ್ತೆ ಹೇಳಬೇಕಾಯಿತು. “ಹೌದು. ನಿಮ್ಮದೇ ತಪ್ಪು. ಕಾಣಲಿಲ್ಲ ಅಂತ ಹೇಳಬೇಕಿತ್ತು.”

ವಿಲ್ಫ್ ಕಣ್ಣು ಮುಚ್ಚಿದ. ಕುರ್ಚಿಯ ಕೈಯ ಮೇಲಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು. ಅದನ್ನು ನೋಡಲಾಗದೆ ಸಿದ್ದಲಿಂಗಪ್ಪ, “ಆದರೆ ಮಿಸ್ಟರ್ ಟಲಕ್, ಆಗ ನಿಮಗೆ ಬರೀ ಇಪ್ಪತ್ತು—” ಎಂದು ಶುರುಮಾಡಿದ.

ಮುದುಕ ಕಣ್ಣು ತೆರೆಯದೆ ಒಂದು ಬೆರಳೆತ್ತಿದ. “ಅಲ್ಲಿಗೇ ಬಿಡು, ಸಿಡ್.”

ಸಿದ್ದಲಿಂಗಪ್ಪ ಅಲ್ಲಿಗೇ ಬಿಟ್ಟ.